ರೊಟ್ಟಿಗೆ ಪ್ರವೇಶವಿಲ್ಲ: ಥೀಮ್ ಪಾರ್ಕಿನವರಿಗೊಂದು ಬಹಿರಂಗ ಪತ್ರ

ಥೀಮ್ ಪಾರ್ಕುಗಳ ಊಟ-ಉಪಾಹಾರ ವಿಭಾಗದ ಸಮಸ್ತ ಮುಖ್ಯಸ್ಥರಿಗೆ, ಮಹಾರಾಷ್ಟ್ರದ ಉಮರ್ಗಾ ತಾಲೂಕಿನ ದಾಳಿಂಬದ ಕಡೆಯಿಂದ ಶರಣು ಶರಣಾರ್ಥಿ.

ಮೊದಲಿಗೇ ಒಂದು ತಪ್ಪೊಪ್ಪಿಗೆ. ನಮ್ಮ ಊರಿನ ಹೆಸರೇ ಒಂದು ಹಣ್ಣಿನದು. ಹೊರಗಿನ ತಿನಿಸು ಒಳಗೆ ಬರಕೂಡದೆಂಬ ನಿಯಮವನ್ನು ನೀವು ಅಕ್ಷರಶಃ ಪಾಲಿಸಿದರೆ, ಆಧಾರ್ ಕಾರ್ಡಿನಲ್ಲಿ ‘ದಾಳಿಂಬ’ ಎಂದು ಬರೆಸಿಕೊಂಡವರನ್ನೆಲ್ಲ ಗೇಟಿನಲ್ಲೇ ನಿಲ್ಲಿಸಬೇಕಾಗುತ್ತದೆ. ನೀವಿನ್ನೂ ಅಲ್ಲಿಯವರೆಗೆ ಹೋಗಿಲ್ಲ, ಅದಕ್ಕೆ ನಾವು ಋಣಿಗಳು. ನಿಮಗೂ ನಮಗೂ ನಂಟು ಹಾಕಿದ್ದು ರಸ್ತೆ. ಪುಣೆಯಿಂದ ಮಚಲೀಪಟ್ಟಣದ ತನಕ ಸಾಗುವ ರಾಷ್ಟ್ರೀಯ ಹೆದ್ದಾರಿ 65 ನಳದುರ್ಗ, ಉಮರ್ಗಾಗಳನ್ನು ದಾಟಿಕೊಂಡೇ ಹೋಗುತ್ತದೆ. ಅದರ ಒಂದು ದಿಕ್ಕಿಗೆ, ಪುಣೆಯ ಆಚೆ, 2013ರಲ್ಲಿ ತೆರೆದ ಖೋಪೋಲಿಯ ಇಮ್ಯಾಜಿಕಾ; ಇನ್ನೊಂದು ದಿಕ್ಕಿಗೆ, ಹೈದರಾಬಾದಿನಲ್ಲಿ, 1996ರ ರಾಮೋಜಿ ಫಿಲ್ಮ್ ಸಿಟಿ ಮತ್ತು 2016ರ ವಂಡರ್‌ಲಾ. ಮಕ್ಕಳಿಗೆ ರಜೆ ಸಿಕ್ಕಾಗ ನಮ್ಮ ಭಾಗದ ಸಂಸಾರಗಳು ಪೂರ್ವಕ್ಕೋ ಪಶ್ಚಿಮಕ್ಕೋ ಎಂದು ಚರ್ಚಿಸುವುದು ಸಹಜ. ಈ ಪತ್ರ ಇವುಗಳಲ್ಲಿ ಯಾವುದೋ ಒಂದರ ಮೇಲಿನ ದೂರಲ್ಲ. ‘ಹೊರಗಿನ ಆಹಾರಕ್ಕೆ ಪ್ರವೇಶವಿಲ್ಲ’ ಎಂಬ ಫಲಕ ದೇಶದಲ್ಲಿ ಎಲ್ಲೆಲ್ಲಿ ತೂಗುತ್ತದೆಯೋ ಅಲ್ಲಿಗೆಲ್ಲ ಇದು ತಲುಪಲಿ.

ಆ ಫಲಕದಿಂದ ನಮ್ಮ ಅಡುಗೆಮನೆಗೆ ಸಿಕ್ಕ ಗೌರವ ಸಣ್ಣದಲ್ಲ. ಮದ್ಯ, ತಂಬಾಕು, ಹರಿತವಾದ ಆಯುಧಗಳ ಸಾಲಿನಲ್ಲಿ ಶೇಂಗಾ ಹಿಂಡಿಗೂ ಸಮಾನ ಸ್ಥಾನ ಬೇರೆಲ್ಲಿ ಸಿಕ್ಕೀತು? ಖಡಕ್ ರೊಟ್ಟಿಯ ಅಂಚು ಹರಿತವೇ ಹೌದು, ಒಪ್ಪೋಣ. ಕೆಂಪು ಖಾರವನ್ನು ಸ್ಫೋಟಕವೆಂದರೂ ವಾದಕ್ಕಿಳಿಯುವುದಿಲ್ಲ. ಆದರೆ ಮೊಸರು ಬುತ್ತಿ ಯಾರಿಗೆ ಏನು ಮಾಡಿತ್ತು? ಮೆತ್ತಗಿನ ಧಪಾಟಿಯಿಂದ ಯಾರ ಜೀವಕ್ಕೆ ಅಪಾಯ? ಆಯುಧವನ್ನು ತಡೆಯುವುದು ಅದು ಪಕ್ಕದವರಿಗೆ ಗಾಯ ಮಾಡೀತೆಂದು. ಬುತ್ತಿಯನ್ನು ತಡೆಯುವುದು ಅದು ಗಲ್ಲಾಪೆಟ್ಟಿಗೆಗೆ ಗಾಯ ಮಾಡೀತೆಂದು. ಹೀಗಾಗಿ ನಿಮ್ಮ ಗೇಟಿನಲ್ಲಿ ಒಂದು ಕುಟುಂಬ ಕೊಳ್ಳುವುದು ಎರಡು ಟಿಕೆಟ್. ಮೊದಲನೆಯದರ ಬೆಲೆ ದೊಡ್ಡ ಅಕ್ಷರಗಳಲ್ಲಿ ಎದುರಿಗೇ ಇರುತ್ತದೆ. ಎರಡನೆಯದರ ಬೆಲೆ ತಿಳಿಯುವುದು ಮಧ್ಯಾಹ್ನ ಒಂದು ಗಂಟೆಗೆ, ಮಗು ಹೊಟ್ಟೆ ಹಿಡಿದುಕೊಂಡು ನಿಂತಾಗ. ನನ್ನ ತಕರಾರು ಎರಡನೆಯ ಟಿಕೆಟ್ ಇದೆ ಎಂಬುದಕ್ಕಲ್ಲ, ಅದನ್ನು ಬಚ್ಚಿಟ್ಟು ಮಾರುತ್ತೀರಿ ಎಂಬುದಕ್ಕೆ.

ಇಂಥ ಪ್ರವಾಸದಲ್ಲಿ ಊಟದ ಖರ್ಚು ಉಳಿಸುವುದು ಹೇಗೆಂದು ತಿಳಿದವರು ಕೊಡುವ ಉಪದೇಶಗಳಿಗೆ ಕೊರತೆಯಿಲ್ಲ. ಬೆಳಿಗ್ಗೆಯೇ ಹೊಟ್ಟೆ ತುಂಬ ತಿಂದು ಒಳಗೆ ಹೋಗಿ. ದಾರಿಯ ಊಟಕ್ಕೆ ರೊಟ್ಟಿ-ಹಿಂಡಿ ಕಟ್ಟಿಕೊಳ್ಳಿ, ಉಳಿದದ್ದನ್ನು ಗಾಡಿಯಲ್ಲೇ ಬಿಡಿ. ಖಾಲಿ ಬಾಟಲಿ ಒಯ್ದು ಒಳಗೆ ನಲ್ಲಿ ಹುಡುಕಿ. ಊಟ ಸೇರಿಸಿದ ಟಿಕೆಟ್ ಇದ್ದರೆ ಮುಂಗಡವಾಗಿ ಹೋಲಿಸಿ ನೋಡಿ. ಬಿಡಿ ತಿಂಡಿ ಬಿಟ್ಟು ಥಾಲಿ ಹೇಳಿ, ಹಂಚಿಕೊಂಡು ತಿನ್ನಿ. ಎಲ್ಲವೂ ಒಳ್ಳೆಯ ಮಾತೇ, ಮಾಡತಕ್ಕವೇ. ಆದರೆ ಇವನ್ನೆಲ್ಲ ಒಟ್ಟಿಗೆ ಓದಿದರೆ ಮೋಜಿಗೆ ಹೊರಟ ಸಂಸಾರ ಕಾಣುವುದಿಲ್ಲ, ಮುತ್ತಿಗೆಗೆ ಸಿದ್ಧವಾಗುತ್ತಿರುವ ಕೋಟೆ ಕಾಣುತ್ತದೆ. ನಳದುರ್ಗದ ಕೋಟೆಯವರೂ ಹೀಗೇ ಕಾಳು-ನೀರಿನ ಲೆಕ್ಕ ಹಾಕಿರಬೇಕು. ವ್ಯತ್ಯಾಸವಿಷ್ಟೇ: ಅಲ್ಲಿ ಶತ್ರು ಹೊರಗಿದ್ದ, ಇಲ್ಲಿ ಟಿಕೆಟ್ ಕೊಂಡು ನಾವೇ ಒಳಗೆ ಹೋಗುತ್ತೇವೆ.

ಉಳಿತಾಯದಲ್ಲಿ ಸರ್ಕಾರಗಳು ನಮ್ಮನ್ನು ಕೈಬಿಟ್ಟಿವೆ ಎಂದೇನೂ ಅಲ್ಲ. ಥೀಮ್ ಪಾರ್ಕಿನ ಪ್ರವೇಶದ ಮೇಲಿದ್ದ ಶೇ. 28ರ ಜಿಎಸ್‌ಟಿ 2018ರ ಜನವರಿಯಲ್ಲಿ ಶೇ. 18ಕ್ಕೆ ಇಳಿಯಿತು. ಮಹಾರಾಷ್ಟ್ರದ ಎಸ್‌ಟಿ ಬಸ್ಸಿನಲ್ಲಿ 2023ರ ಮಾರ್ಚ್‌ನಿಂದ ಹೆಣ್ಣುಮಕ್ಕಳಿಗೆ ಅರ್ಧ ಟಿಕೆಟ್. ಆ ಅರ್ಧ ರಾಜ್ಯದ ಗಡಿಯ ತನಕ ಮಾತ್ರ, ಮತ್ತು ಆ ಗಡಿ ಉಮರ್ಗಾ ದಾಟಿದ ಸ್ವಲ್ಪ ಹೊತ್ತಿಗೇ ಎದುರಾಗುತ್ತದೆ. ಆಚೆ ಕರ್ನಾಟಕದ ಶಕ್ತಿ ಯೋಜನೆ ಇದೆ. ಅದು ಕೇಳುವುದು ಕನ್ನಡದ ಮಾತನ್ನಲ್ಲ, ಕರ್ನಾಟಕದ ವಿಳಾಸವನ್ನು. ಅದರಾಚೆ ತೆಲಂಗಾಣದ ಮಹಾಲಕ್ಷ್ಮಿ; ಆಕೆಗೂ ತನ್ನ ರಾಜ್ಯದ ವಿಳಾಸವೇ ಬೇಕು. ಹೀಗೆ ಎರಡು ರಾಜ್ಯಗಳ ರಿಯಾಯತಿಯನ್ನು ಕಿಟಕಿಯಿಂದಲೇ ನೋಡಿ, ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಪ್ರಯಾಣ ಮಾಡಿ ಬಂದ ಸಂಸಾರಕ್ಕೆ ಉಳಿಸಲು ಉಳಿದಿರುವುದು ಒಂದೇ ದಾರಿ, ಬುತ್ತಿ. ಅದನ್ನೇ ನೀವು ಗೇಟಿನಲ್ಲಿ ಕೆಳಗಿಳಿಸುತ್ತೀರಿ.

ಲೆಕ್ಕವನ್ನು ನಮ್ಮ ಹೊಲದ ಭಾಷೆಯಲ್ಲೇ ಹೇಳುವುದು ವಾಸಿ. ಐದು ಮಂದಿಯ ಕುಟುಂಬ, ಒಳಗಿನ ಊಟ-ತಿಂಡಿ-ನೀರಿಗೆ ತಲೆಗೆ 300 ರೂಪಾಯಿ ಎಂದು ಹಿಡಿಯೋಣ. ಇದು ಉದಾಹರಣೆಗೆ ಹಿಡಿದ ಅಂಕಿ, ಯಾರ ದರಪಟ್ಟಿಯೂ ಅಲ್ಲ. ಒಟ್ಟು 1500 ರೂಪಾಯಿ. 2025-26ರ ಸಾಲಿಗೆ ಮಾಲದಂಡಿ ಜೋಳಕ್ಕೆ ಕೇಂದ್ರ ಸರ್ಕಾರ ಘೋಷಿಸಿದ ಕನಿಷ್ಠ ಬೆಂಬಲ ಬೆಲೆ ಕ್ವಿಂಟಲಿಗೆ 3749 ರೂಪಾಯಿ, ಅಂದರೆ ಕಿಲೋಗೆ ಸುಮಾರು ಮೂವತ್ತೇಳೂವರೆ. ನಿಮ್ಮ ಒಂದು ಮಧ್ಯಾಹ್ನಕ್ಕೆ ನಮ್ಮ ನಲವತ್ತು ಕಿಲೋ ಜೋಳ. ಕಿಲೋಗೆ ಹತ್ತು ದೊಡ್ಡ ರೊಟ್ಟಿಯಂತೆ ನಾನೂರು ರೊಟ್ಟಿ. ಐದು ಮಂದಿ ದಿನಕ್ಕೆ ಇಪ್ಪತ್ತು ತಿಂದರೂ ಇಪ್ಪತ್ತು ದಿನದ ಸಂಗತಿ. ಇನ್ನೂ ಒಂದು ತಮಾಷೆ ಇದೆ. ಜೋಳಕ್ಕೆ ಇರುವುದು ‘ಕನಿಷ್ಠ’ ಬೆಲೆ, ನೀರಿನ ಬಾಟಲಿಗೆ ಇರುವುದು ‘ಗರಿಷ್ಠ’ ಬೆಲೆ. ಕನಿಷ್ಠ ಬೆಲೆಗಿಂತ ಕೆಳಗೆ ಮಾಲು ಕೊಟ್ಟು ಬರುವುದು ಮಾರುಕಟ್ಟೆಯಲ್ಲಿ ರೈತನಿಗೆ ಹೊಸತಲ್ಲ. ಹೋಟೆಲು, ರೆಸ್ಟೋರೆಂಟುಗಳು ಬಾಟಲಿ ನೀರನ್ನು ಗರಿಷ್ಠ ಬೆಲೆಗಿಂತ ಮೇಲೆ ಮಾರಬಹುದೆಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರ್‌ನಲ್ಲಿ ಹೇಳಿತು. ಅಲ್ಲಿ ನೀರಿನ ಜೊತೆ ಕುರ್ಚಿ, ಮೇಜು, ಸೇವೆಯೂ ಸೇರಿರುತ್ತದೆ ಎಂಬುದು ಕಾರಣ. ನಮ್ಮ ಕನಿಷ್ಠ ಕನಿಷ್ಠವಾಗಿ ಉಳಿಯುವುದಿಲ್ಲ, ನಿಮ್ಮ ಗರಿಷ್ಠ ಗರಿಷ್ಠವಾಗಿ ನಿಲ್ಲುವುದಿಲ್ಲ.

ಇಷ್ಟರಲ್ಲಿ ನಿಮ್ಮ ವಕೀಲರು ಕೈಯೆತ್ತಿರುತ್ತಾರೆ: ಜಾಗ ನಮ್ಮದು, ನಿಯಮ ನಮ್ಮದು. ಸರಿಯಾದ ಮಾತು. ಚಿತ್ರಮಂದಿರಗಳಿಗೆ ಹೊರಗಿನ ತಿನಿಸು ಒಯ್ಯಬಹುದೆಂದು ಜಮ್ಮು-ಕಾಶ್ಮೀರ ಹೈಕೋರ್ಟ್ 2018ರಲ್ಲಿ ಕೊಟ್ಟ ಆದೇಶವನ್ನು ಸುಪ್ರೀಂ ಕೋರ್ಟ್ 2023ರ ಜನವರಿ 3ರಂದು ರದ್ದುಮಾಡಿತು. ಪ್ರೇಕ್ಷಕನೊಬ್ಬ ಜಿಲೇಬಿ ತಿಂದು ಅಂಟು ಬೆರಳನ್ನು ಕುರ್ಚಿಗೆ ಒರೆಸಿದರೆ ತೊಳೆಸುವ ಖರ್ಚು ಕೊಡುವವರು ಯಾರು ಎಂದು ಅಂದಿನ ಮುಖ್ಯ ನ್ಯಾಯಮೂರ್ತಿಗಳು ಕೇಳಿದ್ದೂ ಉಂಟು. ನಮ್ಮದೇ ಮಹಾರಾಷ್ಟ್ರ ಸರ್ಕಾರದ ಕಥೆ ಇದಕ್ಕಿಂತ ಸ್ವಾರಸ್ಯ: 2018ರ ಜುಲೈನಲ್ಲಿ ಮಲ್ಟಿಪ್ಲೆಕ್ಸುಗಳಲ್ಲಿ ಬುತ್ತಿಗೆ ಬಾಗಿಲು ತೆರೆಯಿತೆಂದು ಸಚಿವರು ಸಾರಿದರು, ಆಗಸ್ಟಿನಲ್ಲಿ, ಇದರಲ್ಲಿ ತಾನು ಕೈಹಾಕುವ ಅಗತ್ಯವಿಲ್ಲವೆಂದು ಅದೇ ಸರ್ಕಾರ ಬಾಂಬೆ ಹೈಕೋರ್ಟಿಗೆ ತಿಳಿಸಿತು. ಹಾಗಾಗಿ ಕಾನೂನಿನ ಕಣದಲ್ಲಿ ಗೆದ್ದವರು ನೀವೇ ಎಂದಿಟ್ಟುಕೊಳ್ಳಿ. ಆದರೆ ಸುಪ್ರೀಂ ಕೋರ್ಟಿನ ಅದೇ ತೀರ್ಪಿನಲ್ಲಿ ಎರಡು ಮಾತುಗಳಿವೆ: ಶುದ್ಧ ಕುಡಿಯುವ ನೀರನ್ನು ಉಚಿತವಾಗಿ ಒದಗಿಸಬೇಕು, ಹಸುಗೂಸಿಗೆಂದು ತಂದ ಆಹಾರವನ್ನು ತಡೆಯಬಾರದು. ತೀರ್ಪು ಬಂದದ್ದು ಚಿತ್ರಮಂದಿರದ ಬಗ್ಗೆ. ಅದರ ಹಕ್ಕನ್ನು ಎರವಲು ಪಡೆಯುವವರು ಕರ್ತವ್ಯವನ್ನೂ ಎರವಲು ಪಡೆಯಬೇಕಲ್ಲವೇ? ಮತ್ತೆ, ತಡೆಯುವ ಅಧಿಕಾರವಿದೆ ಎಂದ ಮಾತ್ರಕ್ಕೆ ತಡೆಯಲೇಬೇಕೆಂದು ಯಾವ ನ್ಯಾಯಾಲಯವೂ ನಿಮ್ಮ ಮೇಲೆ ಹೊರಿಸಿಲ್ಲ.

ಎರಡನೆಯ ಸಮರ್ಥನೆ ಸ್ವಚ್ಛತೆಯದು. ಮನೆಯ ಬುತ್ತಿಯಿಂದ ಕಸ, ಮನೆಯ ಬುತ್ತಿಯಿಂದ ವಾಂತಿ. ಬಟ್ಟೆಯಲ್ಲಿ ಸುತ್ತಿದ ರೊಟ್ಟಿ ತಿಂದ ಮೇಲೆ ಉಳಿಯುವುದು ಬಟ್ಟೆ, ಅದು ಮನೆಗೆ ವಾಪಸು ಹೋಗುತ್ತದೆ. ಕಾಗದದ ತಟ್ಟೆ, ಪ್ಲಾಸ್ಟಿಕ್ ಚಮಚ, ಸಾಸಿನ ಪೊಟ್ಟಣ ಯಾರ ಅಡುಗೆಮನೆಯಿಂದ ಬಂದವೆಂದು ನಿಮ್ಮ ಕಸದ ಡಬ್ಬಿಯನ್ನೇ ಕೇಳಿ. ಇನ್ನು ತಲೆಕೆಳಗಾಗಿ ತಿರುಗಿಸುವ ರೈಡಿಗೆ ರೊಟ್ಟಿ ಯಾವುದು, ಬರ್ಗರ್ ಯಾವುದು ಎಂಬ ಭೇದವಿಲ್ಲ. ಅದು ಎರಡನ್ನೂ ಸಮಾನವಾಗಿ ಹೊರಹಾಕುತ್ತದೆ. ಈ ವಿಷಯದಲ್ಲಿ ನಿಮ್ಮ ಗುರುಸ್ಥಾನದಲ್ಲಿರುವ ಅಮೆರಿಕದ ಡಿಸ್ನಿ ಪಾರ್ಕುಗಳೇ ಗಾಜಿನ ಪಾತ್ರೆ, ಮದ್ಯ ಬಿಟ್ಟು ಮನೆಯ ತಿಂಡಿಯನ್ನು ಒಳಗೆ ಬಿಡುತ್ತವೆ. ಶಾಂಘೈನ ಡಿಸ್ನಿಯಲ್ಲಿ ನಿಮ್ಮಂಥದೇ ನಿಯಮವಿತ್ತು. 2019ರಲ್ಲಿ ಕಾನೂನು ಓದುವ ವಿದ್ಯಾರ್ಥಿನಿಯೊಬ್ಬಳು, ತಾನು ಒಯ್ದ ನಲವತ್ತಾರು ಯುವಾನ್‌ಗಳ ತಿಂಡಿಗೆ ಅಡ್ಡಿಯಾಯಿತೆಂದು ಮೊಕದ್ದಮೆ ಹೂಡಿದಳು. ಅದೇ ಸೆಪ್ಟೆಂಬರಿನಲ್ಲಿ ಪಾರ್ಕು ನಿಯಮ ಸಡಿಲಿಸಿತು, ಐವತ್ತು ಯುವಾನ್ ಕೊಟ್ಟು ರಾಜಿಯಾಯಿತು. ಟೋಕಿಯೋ ಡಿಸ್ನಿಯವರು ಬುತ್ತಿಯನ್ನು ಒಳಗೆ ಬಿಡದಿದ್ದರೂ ಗೇಟಿನ ಹೊರಗೆ ಕೂತು ಉಣ್ಣಲು ಒಂದು ಜಾಗವನ್ನಾದರೂ ಮಾಡಿಟ್ಟಿದ್ದಾರೆ.

ಇನ್ನು ಮೂರನೆಯದು. ಇದು ತೂಕದ ವಾದ, ಹಗುರಾಗಿ ತಳ್ಳುವಂಥದಲ್ಲ. ಒಳಗಿನ ತಿನಿಸು ದುಬಾರಿಯಾಗಿರುವುದರಿಂದಲೇ ಪ್ರವೇಶದ ಟಿಕೆಟ್ ಅಗ್ಗವಾಗಿದೆ. ಊಟದ ಲಾಭ ನಿಲ್ಲಿಸಿದರೆ ಟಿಕೆಟ್ ಏರುತ್ತದೆ, ಬಡವನಿಗೆ ಬಾಗಿಲೇ ಮುಚ್ಚುತ್ತದೆ. ಸ್ಪೇನಿನ ಚಿತ್ರಮಂದಿರಗಳ ಲೆಕ್ಕ ಹಿಡಿದು 2009ರಲ್ಲಿ ಪ್ರಕಟವಾದ ಇಬ್ಬರು ಅರ್ಥಶಾಸ್ತ್ರಜ್ಞರ ಅಧ್ಯಯನವೂ ದುಬಾರಿ ಪಾಪ್‌ಕಾರ್ನಿನ ಪರವಾಗಿ ಇಂಥದೇ ಮಾತಾಡುತ್ತದೆ: ಸಿನಿಮಾಕ್ಕೆ ಹೆಚ್ಚು ಬೆಲೆ ಕಟ್ಟುವವನೇ ಪಾಪ್‌ಕಾರ್ನನ್ನೂ ಹೆಚ್ಚು ಕೊಳ್ಳುತ್ತಾನೆ, ಉಳಿದವನು ಅಗ್ಗದ ಟಿಕೆಟ್ಟಿನಲ್ಲಿ ಪಾರಾಗುತ್ತಾನೆ. ಆದರೆ ಎರಡೂವರೆ ತಾಸಿನ ಸಿನಿಮಾದಲ್ಲಿ ಪಾಪ್‌ಕಾರ್ನ್ ಚಪಲ. ಬೆಳಿಗ್ಗೆಯಿಂದ ಸಂಜೆಯ ತನಕ ಬಿಸಿಲಲ್ಲಿ, ನೀರಲ್ಲಿ ಆಡುವ ಮಕ್ಕಳಿಗೆ ಊಟ ಚಪಲವಲ್ಲ. ಇಲ್ಲಿ ಹೆಚ್ಚು ಕೊಳ್ಳುವವರು ಯಾರು? ಪಾರ್ಕಿನ ಊರಿನಿಂದಲೇ ಬಂದ ನಾಲ್ವರು ಕಾಲೇಜು ಹುಡುಗರು ಒಂದು ತಂಪು ಪಾನೀಯ ಕುಡಿದು ದಿನ ಕಳೆದಾರು, ಹೊರಗೆ ಹೋಗಿ ಉಂಡಾರು. ನಸುಕಿಗೇ ಹೊರಟು ಬಂದ, ಮೂರು ಮಕ್ಕಳ, ಯಾವ ರೈಡನ್ನೂ ಹತ್ತದೆ ನೆರಳಲ್ಲಿ ಚೀಲ ಕಾಯುವ ಆಯಿ-ಮುತ್ಯಾರ ಸಂಸಾರಕ್ಕೆ ಆ ಅನುಕೂಲವಿಲ್ಲ. ದೂರದಿಂದ ಬಂದಷ್ಟೂ, ಕೂಸುಗಳು ಹೆಚ್ಚಿದಷ್ಟೂ ಎರಡನೆಯ ಟಿಕೆಟ್ ಭಾರವಾಗುತ್ತದೆ. ಆ ಅಗ್ಗದ ಪ್ರವೇಶದ ಸಾಲವನ್ನು ತೀರಿಸುತ್ತಿರುವುದು ಬಡವನ ಹೆಸರಿನಲ್ಲಿ ಸ್ವತಃ ಬಡವನೇ, ಅದೂ ಹಸಿವಿನ ಬಡ್ಡಿ ಸೇರಿಸಿ.

ವರ್ಷಕ್ಕೊಂದು ದಿನ ತಾನೇ, ಅಷ್ಟೂ ಖರ್ಚು ಮಾಡಲಾರಿರಾ ಎಂದು ಕೊನೆಗೆ ನೀವು ಹಂಗಿಸಬಹುದು. ವರ್ಷಕ್ಕೊಂದು ದಿನ ಎಲ್ಲರೂ ಹೊರಗೆ ಹೋಗಿ ಉಣ್ಣುವುದು ಹೇಗೆಂಬುದು ಲಾತೂರ, ಧಾರಾಶಿವಗಳ ಜನಕ್ಕೆ ಗೊತ್ತಿಲ್ಲದ್ದಲ್ಲ. ಕನ್ನಡದವರ ಎಳ್ಳ ಅಮಾವಾಸ್ಯೆ, ಮರಾಠಿಯವರ ಬಾಯಲ್ಲಿ ವೇಳ ಅಮಾವಾಸ್ಯೆ. ಅಂದು ಊರಿಗೆ ಊರೇ ಖಾಲಿಯಾಗಿ ಹೊಲ ಸೇರುತ್ತದೆ. ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿಯ ಗಡಿಗೆ. ಮಕ್ಕಳಿಗೆ ಜೋಕಾಲಿಯೂ ಉಂಟು, ನಿಮ್ಮಷ್ಟು ಎತ್ತರದ್ದಲ್ಲ ಅಷ್ಟೇ. ಹೊಲದ ಬದುವಿಗೆ ಗೇಟಿಲ್ಲ, ದಾರಿಹೋಕನನ್ನೂ ಕರೆದು ಉಣಿಸುವುದು ಅಂದಿನ ರೀತಿ. ಹೊಲ ವ್ಯಾಪಾರವಲ್ಲ, ಪಾರ್ಕು ವ್ಯಾಪಾರ ಎಂದು ನೀವು ಹೇಳುವುದಕ್ಕೆ ಮೊದಲೇ ನಾನು ಹೇಳುತ್ತೇನೆ. ನೀವು ದಾಸೋಹ ನಡೆಸಬೇಕೆಂದು ಬಸವಕಲ್ಯಾಣದ ನೆರೆಯವರಾದ ನಾವೂ ಕೇಳುತ್ತಿಲ್ಲ. ಉಣಿಸಬೇಡಿ, ಉಣ್ಣಗೊಡಿ.

ಬೇಡಿಕೆ ಮೂರೇ. ಒಂದು, ನೀರಿನ ಅಂಗಡಿಗಿಂತ ನೀರಿನ ನಲ್ಲಿ ಮೊದಲು ಕಣ್ಣಿಗೆ ಬೀಳಲಿ. ಎರಡು, ಬುತ್ತಿಯನ್ನು ಒಳಗೆ ಬಿಡಲಾರಿರಾದರೆ ಗೇಟಿನ ಹೊರಗೆ ನೆರಳಿರುವ ಒಂದು ಕಟ್ಟೆ ಕಟ್ಟಿಸಿ. ಕೈಮೇಲೆ ಮುದ್ರೆಯೊತ್ತಿ ಹೊರಗೆ ಬಿಡಿ, ಉಂಡು ಮರಳಿ ಬರುತ್ತೇವೆ. ಮೂರು, ಇದೂ ಆಗದಿದ್ದರೆ ಒಳಗಿನ ಊಟದ ದರಪಟ್ಟಿಯನ್ನು ಪ್ರವೇಶ ದರದ ಪಕ್ಕದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಿ. ದುಬಾರಿ ಎಂದು ತಿಳಿದೇ ಕೊಂಡವನು ಗೊಣಗುವುದಿಲ್ಲ. ನಲವತ್ತು ಕಿಲೋ ಜೋಳ ಮಾರಿ ಬರಬೇಕೋ ಬೇಡವೋ ಎಂಬುದನ್ನು ಮನೆಯಲ್ಲೇ ಕೂತು ನಿರ್ಧರಿಸುತ್ತಾನೆ. ಮೂರೂ ಕಷ್ಟವೆನಿಸಿದರೆ ಒಂದು ಉಪಾಯ ಉಳಿದಿದೆ. ಚಪ್ಪಲಿ, ಬಟ್ಟೆ, ಮೊಬೈಲು ಇಡಲು ನಿಮ್ಮಲ್ಲಿ ಲಾಕರುಗಳ ಸಾಲೇ ಇದೆ. ಅದರ ಪಕ್ಕದಲ್ಲಿ ಹಸಿವನ್ನು ಕಳಚಿಡಲು ಒಂದು ಲಾಕರ್ ಮಾಡಿಸಿ. ಬಾಡಿಗೆ ಎಷ್ಟಾದರೂ ಇರಲಿ, ಟಿಕೆಟ್ಟಿನ ಮೇಲೆ ಮಾತ್ರ ಅದನ್ನು ಮುದ್ರಿಸಿರಿ.

ಇತಿ,
ದಾಳಿಂಬದ ಕಡೆಯ ಬುತ್ತಿ ಕಟ್ಟುವವರ ಪರವಾಗಿ