ದಂತಪ್ರತಿಮಾ ಪ್ರತಿಷ್ಠೆ: ಒಂದು ಮೀಮಾಂಸೆ

ಶಾಸ್ತ್ರಗ್ರಂಥ ಯಾವುದೇ ಇರಲಿ, ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಮೊದಲೇ ನಿರೂಪಿಸಿಕೊಳ್ಳಬೇಕೆಂಬುದು ಪೂರ್ವಾಚಾರ್ಯರು ಹಾಕಿಕೊಟ್ಟ ಕ್ರಮವಾದ್ದರಿಂದ, ಪ್ಲಾಸ್ಟರಿನ ಬಾಯಿಯನ್ನು ಲೋಹದ ದವಡೆಗೆ ಕೂರಿಸುವ ವಿದ್ಯೆಯನ್ನು ಕುರಿತ ಪ್ರಸ್ತುತ ಪ್ರಬಂಧವೂ ಅದನ್ನು ಮೀರುವಂತಿಲ್ಲ. ಈ ಶಾಸ್ತ್ರಕ್ಕೆ ಅಧಿಕಾರಿ ಯಾರೆಂದರೆ ಎರಡು ವರ್ಷದ ಡೆಂಟಲ್ ಮೆಕ್ಯಾನಿಕ್ ಡಿಪ್ಲೊಮಾಕ್ಕೆ ಸೇರಿ, ಏಪ್ರನ್ನಿನ ಜೇಬಿನಲ್ಲಿ ಮೇಣದ ಚಾಕುವನ್ನೂ ಉಗುರುಗಳ ಸಂದಿಯಲ್ಲಿ ನಿನ್ನೆಯ ಪ್ಲಾಸ್ಟರನ್ನೂ ಧರಿಸಿದ ವಿದ್ಯಾರ್ಥಿ; 1948ರ ದಂತವೈದ್ಯರ ಕಾಯಿದೆಯು ಹಲ್ಲುಸೆಟ್ಟುಗಳನ್ನು ತಯಾರಿಸುವ ಅಥವಾ ರಿಪೇರಿ ಮಾಡುವ ವ್ಯಕ್ತಿಯೆಂದು ಗುರುತಿಸಿದ್ದು ಈತ ಮುಂದೆ ಆಗಲಿರುವ ಮೆಕ್ಯಾನಿಕನನ್ನೇ. ವಿಷಯವೆಂದರೆ ಆರ್ಟಿಕ್ಯುಲೇಟರ್, ಎಂದರೆ ಮನುಷ್ಯನ ಮೇಲ್ದವಡೆ, ಕೆಳದವಡೆ ಮತ್ತು ಕಿವಿಯ ಮುಂದಿರುವ ದವಡೆಕೀಲುಗಳನ್ನು ಎರಡು ಲೋಹದ ತೋಳುಗಳಿಂದ ಅನುಕರಿಸುವ ಯಂತ್ರ. ಸಂಬಂಧವೆಂದರೆ ಪ್ಲಾಸ್ಟರ್, ಏಕೆಂದರೆ ಯಂತ್ರಕ್ಕೂ ಕಾಸ್ಟಿಗೂ, ಅಂದರೆ ಪ್ಲಾಸ್ಟರಿನ ಬಾಯಿಗೂ, ನಡುವೆ ಅದಲ್ಲದೆ ಬೇರೆ ಸಂಬಂಧವಿಲ್ಲ. ಪ್ರಯೋಜನದ ವಿಷಯದಲ್ಲಿ ಮಾತ್ರ ಒಮ್ಮತವಿಲ್ಲ: ಹಲ್ಲಿಲ್ಲದವರು ಮತ್ತೆ ಅಗಿಯುವಂತಾಗುವುದೇ ಪ್ರಯೋಜನವೆಂದು ಪಠ್ಯಪುಸ್ತಕಗಳೂ, ಇಂಟರ್ನಲ್ ಅಂಕಗಳೇ ಪರಮ ಪ್ರಯೋಜನವೆಂದು ಅಧಿಕಾರಿಗಳೂ ವಾದಿಸುತ್ತಾರೆ.

ಇತಿಹಾಸವನ್ನು ಅವಲೋಕಿಸಿದರೆ, ಪ್ರಷ್ಯದ ಅರಸ ಫ್ರೆಡ್ರಿಕನ ದಂತವೈದ್ಯನಾಗಿದ್ದ ಫಿಲಿಪ್ ಫಾಫ್ ಎಂಬಾತ 1756ರ ತನ್ನ ಗ್ರಂಥದಲ್ಲಿ ಬಾಯಿಯ ಅಚ್ಚನ್ನು ಮೇಣದಲ್ಲಿ ತೆಗೆದು ಅದರೊಳಗೆ ಪ್ಲಾಸ್ಟರ್ ಎರೆಯುವ ಬಗೆಯನ್ನು ವಿವರಿಸಿದಾಗಲೇ ಮನುಷ್ಯನ ಬಾಯಿ ಮನುಷ್ಯನಿಂದ ಬೇರ್ಪಟ್ಟು ಮೇಜಿನ ಮೇಲೆ ಸ್ವತಂತ್ರವಾಗಿ ಕುಳಿತುಕೊಳ್ಳಲು ಕಲಿಯಿತೆನ್ನಬಹುದು. ಹೀಗೆ ಬೇರ್ಪಟ್ಟ ಎರಡು ದವಡೆಗಳು ಪರಸ್ಪರ ಎಲ್ಲಿ ಕೂಡಬೇಕೆಂಬುದು ಮರೆತುಹೋಗುವುದರಿಂದ, 1805ರಲ್ಲಿ ಫ್ರಾನ್ಸಿನ ಗ್ಯಾರಿಯೋ ಅವುಗಳ ಹಿಂಬದಿಗೆ ಪ್ಲಾಸ್ಟರನ್ನೇ ಬೆಳೆಸಿ ಒಂದಕ್ಕೊಂದು ಕಚ್ಚಿ ಕೂರುವಂತೆ ಮಾಡಿದನೆಂದು ಹೇಳುತ್ತಾರೆ. ಆದರೆ ಈ ಶಾಸ್ತ್ರಕ್ಕೆ ರೇಖಾಗಣಿತದ ಕಿರೀಟ ತೊಡಿಸಿದವನು ಅಮೆರಿಕದ ಬಾನ್ವಿಲ್. ಎಡ ಮತ್ತು ಬಲ ಕಾಂಡೈಲುಗಳು, ಅಂದರೆ ಕೆಳದವಡೆಯ ಎರಡು ಕೀಲುಗುಬುಟುಗಳು, ಹಾಗೂ ಕೆಳಗಿನ ಮುಂಬಾಚಿ ಹಲ್ಲುಗಳ ನಡುಬಿಂದು ಈ ಮೂರೂ ಪರಸ್ಪರ 4 ಅಂಗುಲ ದೂರದಲ್ಲಿದ್ದು ಸಮಬಾಹು ತ್ರಿಕೋನವಾಗುತ್ತವೆಂದು ಆತ ಸಾರಿದ. 1858ರ ಅವನ ಆರ್ಟಿಕ್ಯುಲೇಟರ್ ಇದೇ ತ್ರಿಕೋನದ ಮೇಲೆ ನಿಂತಿದೆ. ಈ ನಿಯಮವನ್ನು ಪಾಲಿಸಲು ದವಡೆಗಳು ಅಷ್ಟಾಗಿ ಆಸಕ್ತಿ ತೋರದಿದ್ದರೂ ಆರ್ಟಿಕ್ಯುಲೇಟರುಗಳು ತೋರಿದವು, ಮತ್ತು ಮಾರಾಟವಾಗುವುದು ಆರ್ಟಿಕ್ಯುಲೇಟರೇ ಹೊರತು ದವಡೆಯಲ್ಲ.

ತರುವಾಯದ ಆಚಾರ್ಯರೂ ಹಿಂದೆ ಬೀಳಲಿಲ್ಲ. ಹಲ್ಲುಗಳ ತುದಿಗಳೆಲ್ಲ 4 ಅಂಗುಲ ತ್ರಿಜ್ಯದ ಒಂದು ಅದೃಶ್ಯ ಗೋಳದ ಮೈಮೇಲೆ ಇರುತ್ತವೆಂದೂ ಆ ಗೋಳದ ಕೇಂದ್ರ ಎರಡು ಹುಬ್ಬುಗಳ ನಡುವೆ, ಸರಿಸುಮಾರು ಕುಂಕುಮ ಇಡುವ ಜಾಗದಲ್ಲಿ ಇರುತ್ತದೆಂದೂ ಮಾನ್ಸನ್ ಎಂಬಾತ ಪ್ರತಿಪಾದಿಸಿದ. ದವಡೆ ಪಕ್ಕಕ್ಕೆ ಸರಿಯುವಾಗ ಎದುರು ಬದಿಯ ಕಾಂಡೈಲ್ ಒಳಮುಖವಾಗಿ ಸರಿಯುವ ಕೋನಕ್ಕೆ ಬೆನೆಟ್ ಕೋನವೆಂದು ಹೆಸರು. ಇದನ್ನು ರೋಗಿಯಲ್ಲಿ ಅಳೆಯುವ ತಾಪತ್ರಯ ಬೇಡವೆಂದು ರುಡಾಲ್ಫ್ ಹನಾವ್ ಎಂಬ ಎಂಜಿನಿಯರ್, ಕಾಂಡೈಲಿನ ಇಳಿಜಾರನ್ನು 8ರಿಂದ ಭಾಗಿಸಿ 12 ಕೂಡಿಸಿದರೆ ಬೆನೆಟ್ ಕೋನ ಬರುತ್ತದೆಂಬ ಸೂತ್ರವನ್ನು ಕರುಣಿಸಿದ. ಇಳಿಜಾರು 30 ಡಿಗ್ರಿ ಇದ್ದರೆ ಉತ್ತರ 15.75. ಭಾಗಿಸುವುದು 8ರಿಂದಲೇ ಏಕೆ, ಕೂಡಿಸುವುದು 12ನ್ನೇ ಏಕೆ ಎಂದು ಕೇಳುವ ವಿದ್ಯಾರ್ಥಿ ಇನ್ನೂ ಅಧಿಕಾರಿಯಾಗಿಲ್ಲವೆಂದೇ ತಿಳಿಯತಕ್ಕದ್ದು. ದಶಮಾಂಶ ಬಿಂದುವಿನ ನಂತರದ ಆ 75 ಮಾತ್ರ ಪರೀಕ್ಷಕರ ಮನಸ್ಸಿಗೆ ಬಹಳ ಹಿತವೆನಿಸುತ್ತದೆ.

ತರಬೇತಿ ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ ದೊರೆಯುವುದು ಮೀನ್ ವ್ಯಾಲ್ಯೂ ಆರ್ಟಿಕ್ಯುಲೇಟರ್. ಇದರಲ್ಲಿ ಎರಡು ಕಾಂಡೈಲುಗಳ ಅಂತರ 110 ಮಿಲಿಮೀಟರ್ ಆಸುಪಾಸು, ಇಳಿಜಾರು 30 ಡಿಗ್ರಿ ಆಸುಪಾಸು ಎಂದು ಕಾರ್ಖಾನೆಯಲ್ಲಿಯೇ ನಿಗದಿಯಾಗಿದ್ದು, ಯಾರದೇ ಬಾಯಿ ಬಂದರೂ ಇದು ತನ್ನ ಅಭಿಪ್ರಾಯ ಬದಲಿಸುವುದಿಲ್ಲ. ಸರಾಸರಿಯಿಂದ ಮಾಡಿದ ಈ ಪುರುಷ ಎಲ್ಲಿಯೂ ಹುಟ್ಟಿದವನಲ್ಲ, ಎಲ್ಲಿಯೂ ಊಟ ಮಾಡಿದವನಲ್ಲ. ವಿದ್ಯಾರ್ಥಿಯ ಕೈಯಲ್ಲಿರುವ ಹಲ್ಲಿಲ್ಲದ ಕಾಸ್ಟುಗಳೂ ರಬ್ಬರ್ ಅಚ್ಚಿನಲ್ಲಿ ಡೆಂಟಲ್ ಸ್ಟೋನ್ ಎಂಬ ಗಟ್ಟಿ ಪ್ಲಾಸ್ಟರ್ ಎರೆದು ತೆಗೆದವಾದ್ದರಿಂದ ಅವುಗಳಿಗೂ ಒಡೆಯರಿಲ್ಲ. ಯಾರದೂ ಅಲ್ಲದ ಬಾಯಿಯನ್ನು ಯಾರದೂ ಅಲ್ಲದ ಕೀಲಿಗೆ ಕೂದಲೆಳೆಯಷ್ಟೂ ತಪ್ಪಿಲ್ಲದೆ ಕೂರಿಸುವುದೇ ಈ ವಿದ್ಯೆ. ನಿಷ್ಕಾಮ ಕರ್ಮಕ್ಕೆ ಇದಕ್ಕಿಂತ ಶುದ್ಧವಾದ ಉದಾಹರಣೆ ದಂತಶಾಸ್ತ್ರದಲ್ಲಿ ಸಿಗುವುದು ಕಷ್ಟ.

ಇನ್ನು ಈ ಯಂತ್ರದ ಸ್ವಭಾವದಲ್ಲಿರುವ ವೈಪರೀತ್ಯವನ್ನು ಗಮನಿಸಬೇಕು. ಲೋಕದಲ್ಲಿ ಮೇಲ್ದವಡೆ ತಲೆಬುರುಡೆಗೆ ಅಂಟಿಕೊಂಡು ಸುಮ್ಮನಿರುತ್ತದೆ, ಮಾತು ಊಟ ಜಗಳಗಳೆಲ್ಲ ಕೆಳದವಡೆಯ ಪಾಲಿಗೆ ಬರುತ್ತವೆ. ಪ್ರಯೋಗಾಲಯದಲ್ಲಾದರೋ ಕೆಳತೋಳು ಮೇಜಿನ ಮೇಲೆ ಕುಳಿತಿರುವುದರಿಂದ ಅಲುಗಾಡುವುದೆಲ್ಲ ಮೇಲಿನ ತೋಳೇ. ಹಾಗಾಗಿ ರೋಗಿ ಕೆಳದವಡೆಯನ್ನು ಮುಂದಕ್ಕೆ ಚಾಚಿದ್ದಾನೆಂದು ತೋರಿಸಲು ವಿದ್ಯಾರ್ಥಿ ಮೇಲಿನ ತೋಳನ್ನು ಹಿಂದಕ್ಕೆ ತಳ್ಳಬೇಕು, ಬಲಕ್ಕೆ ಸರಿಸಿದ್ದಾನೆಂದು ತೋರಿಸಲು ಎಡಕ್ಕೆ ಎಳೆಯಬೇಕು. ಗುಂಡನೆಯ ಕಾಂಡೈಲನ್ನು ಮನುಷ್ಯರಲ್ಲಿರುವಂತೆ ಕೆಳತೋಳಿಗೇ ಇಟ್ಟ ಯಂತ್ರಗಳಿಗೆ ಆರ್ಕಾನ್ ಎಂದು ಹೆಸರಿದ್ದು, ಅವು ತತ್ತ್ವದಲ್ಲಿ ಸರಿಯಾದರೂ ಕೈ ಆಡಿಸುವುದು ಮೇಲಿನ ತೋಳನ್ನೇ ಆದ್ದರಿಂದ ಗೊಂದಲ ಮಾತ್ರ ಹಾಗೆಯೇ ಉಳಿಯುತ್ತದೆ. ವೈವಾದಲ್ಲಿ ಎಡಬಲಗಳ ಪ್ರಶ್ನೆ ಬಂದಾಗ ವಿದ್ಯಾರ್ಥಿಗಳು ಉತ್ತರಿಸುವ ಮುನ್ನ ತಮ್ಮ ಸ್ವಂತ ಗದ್ದವನ್ನು ಗುಟ್ಟಾಗಿ ಅಲುಗಿಸಿ ನೋಡಿಕೊಳ್ಳುವುದು ಇದೇ ಕಾರಣಕ್ಕೆ.

ಪ್ರತಿಷ್ಠಾವಿಧಿ ಹೀಗಿದೆ. ಮೊದಲಿಗೆ ಕಾಸ್ಟಿನ ತಳದಲ್ಲಿ ಚಾಕುವಿನಿಂದ ವಿ ಆಕಾರದ ಕಚ್ಚುಗಳನ್ನು ಕೊರೆದು ಅವುಗಳಿಗೆ ವ್ಯಾಸಲಿನ್ ಸವರಬೇಕು. ಕಾಸ್ಟನ್ನು ಒಮ್ಮೆ ಬಿಡಿಸಿದರೂ ಅದು ಮತ್ತೆ ಅದೇ ಜಾಗಕ್ಕೆ ಬಂದು ಕೂರುವುದಕ್ಕಾಗಿ ಈ ಏರ್ಪಾಡು. ಒಣ ಕಾಸ್ಟ್ ಹೊಸ ಪ್ಲಾಸ್ಟರಿನ ನೀರನ್ನು ಹೀರಿ ಅದನ್ನು ಪುಡಿಪುಡಿ ಮಾಡುವುದರಿಂದ ತಳವನ್ನು ಮೊದಲೇ ನೆನೆಸಬೇಕು. ಬಳಿಕ ಮೇಲಿನ ಮತ್ತು ಕೆಳಗಿನ ಮೇಣದ ಕಟ್ಟೆಗಳನ್ನು, ಅಂದರೆ ಮುಂದೆ ಹಲ್ಲು ಕೂರಬೇಕಾದ ಆಕ್ಲೂಷನ್ ರಿಮ್ಮುಗಳನ್ನು, ಬೈಟ್ ಪ್ರಕಾರ, ಅಂದರೆ ದವಡೆಗಳು ಕಚ್ಚಿಕೊಳ್ಳುವ ದಾಖಲೆಯಂತೆ, ಜೋಡಿಸಿ ಅಲುಗಾಡದಂತೆ ಬಂಧಿಸಬೇಕು. ಈ ಬಂಧನದ ವಿಧಾನದಲ್ಲಿ ಎರಡು ಪಂಥಗಳಿದ್ದು, ಹಲ್ಲು ಕೊರೆಯುವ ಹಳೆಯ ಬರ್‌ಗಳನ್ನೋ ಬೆಂಕಿಕಡ್ಡಿಗಳನ್ನೋ ಅಡ್ಡಲಾಗಿಟ್ಟು ಸ್ಟಿಕ್ಕಿ ವ್ಯಾಕ್ಸಿನಿಂದ ಅಂಟಿಸುವವರು ಒಂದು ಕಡೆ, ಬರಿಯ ರಬ್ಬರ್ ಬ್ಯಾಂಡ್ ಸುತ್ತಿ ದೈವದ ಮೇಲೆ ಭಾರ ಹಾಕುವವರು ಇನ್ನೊಂದು ಕಡೆ. ಎರಡನೆಯ ಪಂಥದವರು ಸಂಖ್ಯೆಯಲ್ಲಿ ಹೆಚ್ಚು, ಫಲಿತಾಂಶದಲ್ಲಿ ಕಡಿಮೆ. ರಬ್ಬರ್ ಬ್ಯಾಂಡಿಗೆ ಶಾಸ್ತ್ರಸಮ್ಮತವಾದ ಸ್ಥಾನ ಬೇರೆಯೇ ಇದೆ: ಯಂತ್ರದ ಸುತ್ತ, ಅದರ ಗುರುತುಗಳ ಮಟ್ಟದಲ್ಲಿ ಎಳೆದು ಕಟ್ಟಿದಾಗ ಅದು ಹಲ್ಲುಗಳು ಕೂಡುವ ಸಮತಲವನ್ನು ತೋರಿಸುವ ದಿಗಂತವಾಗುತ್ತದೆ.

ಪ್ಲಾಸ್ಟರಿನ ಮಹಿಮೆಗೆ ಪ್ರತ್ಯೇಕ ಅಧ್ಯಾಯವೇ ಬೇಕು. ಜಿಪ್ಸಮ್ ಎಂಬ ಖನಿಜವನ್ನು 110ರಿಂದ 130 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿ ಅದರೊಳಗಿನ ನೀರಿನ ಮುಕ್ಕಾಲು ಪಾಲನ್ನು ಕಿತ್ತುಕೊಂಡರೆ ಸಿಗುವ ಪುಡಿಯೇ ಇದು. ಕಿತ್ತುಕೊಂಡದ್ದನ್ನು ಹಿಂದಿರುಗಿಸಿದೊಡನೆ ಬಿಸಿಯಾಗಿ, ಉಬ್ಬಿ, ಮತ್ತೆ ಕಲ್ಲಾಗುತ್ತದೆ. 100 ಗ್ರಾಂ ಪುಡಿಗೆ ರಾಸಾಯನಿಕವಾಗಿ ಬೇಕಾದ ನೀರು 18.6 ಮಿಲಿಲೀಟರ್ ಮಾತ್ರವಾದರೂ ಕಲಸಲು ಬರುವಂತಾಗಲು 45ರಿಂದ 50 ಮಿಲಿಲೀಟರ್ ಹಾಕುವುದು ವಾಡಿಕೆ, ನಲ್ಲಿಯ ಕೆಳಗೆ ಬೌಲನ್ನು ಹಿಡಿದು ಕಣ್ಣಳತೆಯಿಂದ ಹಾಕುವುದು ಇನ್ನೂ ದೊಡ್ಡ ವಾಡಿಕೆ. ಗಟ್ಟಿಯಾಗುವಾಗ ಇದು ಶೇ. 0.2ರಿಂದ 0.3ರಷ್ಟು ಹಿಗ್ಗುವುದರಿಂದ, 25 ಮಿಲಿಮೀಟರ್ ದಪ್ಪಕ್ಕೆ ಸುರಿದ ಪ್ಲಾಸ್ಟರ್ 0.075 ಮಿಲಿಮೀಟರಿನವರೆಗೂ ಹಿಗ್ಗಿ, ಮುಂದೆ ನಿಂತಿರುವ ಇನ್ಸೈಸಲ್ ಪಿನ್ನನ್ನು ಅದರ ಪೀಠದಿಂದ ಮೇಲೆತ್ತಬಲ್ಲದು. ಎರಡು ತೋಳುಗಳ ಅಂತರವನ್ನು ಕಾಯುವ ಸರಳು ಈ ಪಿನ್. ಅದು ಸೊನ್ನೆಯಲ್ಲಿದ್ದು ಪೀಠವನ್ನು ಮುಟ್ಟುತ್ತಿದ್ದರೆ ಮಾತ್ರ ಪ್ರತಿಷ್ಠೆ ಸಿದ್ಧಿಸಿತೆಂದು ಅರ್ಥ. ಈ ಕಾರಣಕ್ಕಾಗಿ ಬಲ್ಲವರು ಪ್ಲಾಸ್ಟರನ್ನು ಒಂದೇ ಸಲ ಸುರಿಯದೆ, ಮೊದಲು ತುಸು ಹಾಕಿ ಅದು ಹಿಡಿದ ಮೇಲೆ ಉಳಿದದ್ದನ್ನು ತುಂಬುತ್ತಾರೆ. ಅರೆಬಲ್ಲವರು ಪಿನ್ ಮೇಲೆದ್ದುದನ್ನು ಕಂಡು ತಿರುಪು ಸಡಿಲಿಸಿ ಪಿನ್ನನ್ನೇ ಕೆಳಗಿಳಿಸುತ್ತಾರೆ. ಥರ್ಮಾಮೀಟರ್ ಒರಸಿ ಜ್ವರ ಇಳಿಸುವ ಚಿಕಿತ್ಸೆಯಿದು.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ಸ್ಕ್ಯಾನರ್ ಬಾಯಿಯ ಚಿತ್ರ ತೆಗೆದು ಕಂಪ್ಯೂಟರಿನ ಪರದೆಯ ಮೇಲೆಯೇ ದವಡೆಗಳನ್ನು ಜೋಡಿಸುವ ಈ ಕಾಲದಲ್ಲಿ ಪ್ಲಾಸ್ಟರ್ ಕಲಸುವ ಕರ್ಮಕಾಂಡ ಏಕೆ ಎಂಬುದು ಆ ವಾದ. ಪರದೆಯ ಆರ್ಟಿಕ್ಯುಲೇಟರಿನೊಳಗೂ ಅದೇ ಸರಾಸರಿಯ ಅಂಕಿಗಳು ಕಾದು ಕುಳಿತಿರುತ್ತವೆ, ಅಲ್ಲಿ ಪ್ಲಾಸ್ಟರ್ ಇಲ್ಲದಿರುವುದರಿಂದ ತಪ್ಪು ಯಾರದೆಂದು ಕಣ್ಣಿಗೆ ಕಾಣುವುದೂ ಇಲ್ಲ ಎಂಬುದು ಸಿದ್ಧಾಂತಿಗಳ ಉತ್ತರ. ಪ್ರಬಂಧದ ಅಭಿಪ್ರಾಯದಲ್ಲಿ ಈ ಉತ್ತರ ಸಾಕು. ಆಚಾರ್ಯರ ತ್ರಿಕೋನ, ಗೋಳ, ಸೂತ್ರಗಳೆಲ್ಲ ಸೇರಿ ಕೊಡುವುದು ಅಂದಾಜನ್ನೇ ಆದರೂ, ಆ ಅಂದಾಜಿಗೆ ತನ್ನ ಕೈಯ ತಪ್ಪನ್ನು ಸೇರಿಸದಿರುವುದನ್ನು ವಿದ್ಯಾರ್ಥಿ ಕಲಿಯುವುದು ಬೌಲು ಮತ್ತು ಸ್ಪ್ಯಾಚುಲಾಗಳಿಂದಲೇ. ಅಂತಿಮ ತೀರ್ಪಾದರೋ ದಂತವೈದ್ಯರು ರೋಗಿಯ ಬಾಯಲ್ಲಿಟ್ಟು ಕಚ್ಚಿಸುವ ನೀಲಿ ಆರ್ಟಿಕ್ಯುಲೇಟಿಂಗ್ ಪೇಪರಿನದು. ಅದು ಅಡ್ಡಿಯ ಗುರುತು ಹಾಕಿದಲ್ಲೆಲ್ಲ ಹಲ್ಲನ್ನು ಉಜ್ಜಲೇಬೇಕು, ಬಾನ್ವಿಲ್ ಏನೇ ಹೇಳಿರಲಿ.

ಶಾಸ್ತ್ರಗ್ರಂಥಗಳಿಗೆ ಫಲಶ್ರುತಿಯೂ ಇರಬೇಕಾದ್ದರಿಂದ ಇಷ್ಟನ್ನು ಹೇಳಬಹುದು: ಈ ಮೀಮಾಂಸೆಯನ್ನು ಪ್ಲಾಸ್ಟರ್ ಗಟ್ಟಿಯಾಗುವಷ್ಟು ಹೊತ್ತು ಮೇಲಿನ ತೋಳನ್ನು ಮುಟ್ಟದೆ ಕುಳಿತು ಓದಿದ ವಿದ್ಯಾರ್ಥಿಗೆ ಪ್ರತಿಷ್ಠೆ ಕೆಡುವುದಿಲ್ಲ. ಓದುವ ಮುನ್ನ ಪಿನ್ನಿನ ತಿರುಪು ಬಿಗಿಯಾಗಿದೆಯೇ ಎಂದು ದಯವಿಟ್ಟು ನೋಡಿಕೊಳ್ಳಬೇಕು.