ಕ್ಯಾಮೆರಾ ನೋಡ್ತಿತ್ತು, ಕಾರ್ಡು ಮಲಗಿತ್ತು

ನಿಜ ಹೇಳಿ, ಗೇಟಿನ ಮೇಲೆ ಕ್ಯಾಮೆರಾ ಹಾಕಿಸಿದ್ದು ಯಾಕೆ? ಕಳ್ಳರ ಭಯಕ್ಕೆ ಅಂತ ಮಾತ್ರ ಹೇಳ್ಬೇಡಿ. ಬೆಳಗಿನ ಜಾವ ವಾಕಿಂಗ್ ನೆಪದಲ್ಲಿ ಬಂದು, ಕಾಂಪೌಂಡಿನಾಚೆ ಬಾಗಿರೋ ದಾಸವಾಳನೆಲ್ಲ ಪ್ಲಾಸ್ಟಿಕ್ ಕವರಿಗೆ ತುಂಬ್ಕೊಂಡು ಹೋಗ್ತಾರಲ್ಲ, ಅವರನ್ನ ಹಿಡಿಯೋಕೆ ತಾನೇ? (ಯಾರು ಅಂತ ನಿಮಗೆ ಮೊದಲೇ ಗೊತ್ತು. ಸಾಕ್ಷಿ ಬೇಕಾಗಿತ್ತು, ಅಷ್ಟೆ.)

ತಪ್ಪೇನಿಲ್ಲ ಬಿಡಿ. ಆದ್ರೆ ಹಾಕಿಸಿದ ಮೊದಲನೇ ವಾರ ನಿಮ್ಮ ಸಂಭ್ರಮ ನೋಡ್ಬೇಕಿತ್ತು. ಆಫೀಸ್ ಮೀಟಿಂಗಲ್ಲಿ ಮೇಜಿನ ಕೆಳಗೆ ಮೊಬೈಲ್ ಹಿಡ್ಕೊಂಡು ನಿಮ್ಮನೆ ಗೇಟನ್ನೇ ನೋಡ್ತಾ ಕೂತಿದ್ರಿ. ಕೊರಿಯರ್ ಹುಡುಗ ಬೆಲ್ ಒತ್ತಿದ್ರೆ ಸಾಕು, ಮೇಲಿಂದ ‘ಅಲ್ಲೇ ಕಿಟಕಿ ಮೇಲಿಟ್ಟು ಹೋಗಪ್ಪಾ’ ಅಂತ ಅಶರೀರವಾಣಿ!

ನ್ಯೂಜೆರ್ಸಿಯಲ್ಲಿರೋ ಮಗ ಬೇರೆ ಅಲ್ಲಿಂದಲೇ ‘ಅಪ್ಪಾ, ಸ್ವೆಟರ್ ಹಾಕ್ಕೊಳ್ದೆ ಹಾಲು ತರೋಕೆ ಯಾಕೆ ಹೋದೆ’ ಅಂತ ಬೈಯೋನು. ಮೂರನೇ ತಿಂಗಳಿಗೆ ಏನಾಯ್ತು? ಮಗನಿಗೂ ಬೇಜಾರಾಯ್ತು, ನಿಮಗೂ ಆಯ್ತು. ಆಪ್ ಮೊಬೈಲಿನ ಯಾವ ಮೂಲೇಲಿದೆ ಅಂತಲೂ ಮರೆತು ಹೋಯ್ತು.

ಆಮೇಲೆ ಒಂದು ದಿನ ಗಾಡಿ ಮೇಲಿಟ್ಟಿದ್ದ ಹೆಲ್ಮೆಟ್ ಮಾಯ. ಮನೆಯವರೆಲ್ಲ ನಿಮ್ಮ ಮೊಬೈಲ್ ಸುತ್ತ ಸೇರ್ತಾರೆ, ಎದುರುಮನೆ ಆಂಟೀನೂ ಬಂದ್ಬಿಡ್ತಾರೆ. ನೀವು ಗತ್ತಿನಿಂದ ಪ್ಲೇಬ್ಯಾಕ್ ಒತ್ತುತ್ತೀರಿ. ಟೈಮ್‌ಲೈನ್ ಪಟ್ಟಿ ಖಾಲಿ. ಮೊನ್ನೆದು? ಖಾಲಿ. ಹೋದ ವಾರದ್ದು? ಅದೂ ಖಾಲಿ. ಹುಡುಕಿ ಹುಡುಕಿ ಸಿಕ್ಕಿದ ಕೊನೇ ರೆಕಾರ್ಡಿಂಗ್ ಯುಗಾದಿ ದಿನದ್ದು. ಈಗ ದಸರಾ.

‘ಅಲ್ರೀ, ಲೈವ್ ಬರ್ತಿತ್ತಲ್ಲ!’ ಅಂತೀರಿ. ಬರ್ತಿತ್ತು ಸ್ವಾಮಿ, ಈಗಲೂ ಬರುತ್ತೆ. ಲೈವ್ ನೋಡೋಕೆ ಕಾರ್ಡೇ ಬೇಡ. ಲೆನ್ಸಿಗೆ ಕಂಡಿದ್ದು ವೈಫೈ ಹಿಡಿದು ಸೀದಾ ನಿಮ್ಮ ಮೊಬೈಲಿಗೆ ಬಂದ್ಬಿಡುತ್ತೆ. ಅದನ್ನ ಬರೆದಿಟ್ಕೊಳ್ಳೋದು ಮಾತ್ರ ಒಳಗಿರೋ ಮೆಮೊರಿ ಕಾರ್ಡಿನ ಕೆಲಸ. ಅದು ಸತ್ತರೂ ಕ್ಯಾಮೆರಾ ಕತ್ತು ತಿರುಗಿಸ್ತಾ, ಲೈಟ್ ಮಿಣುಕಿಸ್ತಾ ಆರಾಮಾಗಿರುತ್ತೆ.

ಆಪ್ ಪಾಪ ಎಚ್ಚರಿಕೆ ಕಳಿಸಿರಬಹುದು, ‘ಎಸ್‌ಡಿ ಕಾರ್ಡ್ ಅಬ್‌ನಾರ್ಮಲ್’ ಅಂತ. ನೋಟಿಫಿಕೇಶನ್ ಮ್ಯೂಟ್ ಮಾಡಿದ್ದು ಯಾರು? (ರಾತ್ರಿಯಿಡೀ ಟಿಂಗ್ ಟಿಂಗ್ ಅನ್ನುತ್ತೆ ಅಂತ. ನೋಡಿದ್ರೆ ಲೆನ್ಸಿನ ಮುಂದೆ ಜೇಡ ಬಲೆ ಕಟ್ತಿತ್ತು. ಅದನ್ನ ಒರೆಸೋ ಬದಲು ಮ್ಯೂಟ್ ಒತ್ತೋದು ಸುಲಭ ಅಲ್ವಾ?)

ಸರಿ, ಈಗ ಆ ಕಾರ್ಡ್ ಎಲ್ಲಿಂದ ತಂದಿರಿ ಅಂತ ಕೇಳ್ಲಾ? ಕ್ಯಾಮೆರಾ ತಗೊಳ್ಳೋಕೆ ಒಂದು ವಾರ ರಿವ್ಯೂ ಓದಿದ್ರಿ. ಕಾರ್ಡ್ ವಿಷಯ ಬಂದಾಗ, ‘ಹಳೇ ಫೋನಲ್ಲಿ ಒಂದಿತ್ತಲ್ಲ’ ಅಂತ ಡ್ರಾಯರ್ ಎಳೆದ್ರಿ. ಅದರಲ್ಲಿ ಅಪ್ಪನ ಷಷ್ಟ್ಯಬ್ದಿ ಫೋಟೋ ಇದ್ವು. ಕ್ಯಾಮೆರಾ ‘ಫಾರ್ಮ್ಯಾಟ್?’ ಅಂತ ಕೇಳಿದ್ದಕ್ಕೆ ಓದದೇ ‘ಓಕೆ’ ಅಂದ್ರಿ. ಫೋಟೋ ಎಲ್ಲಿ ಅಂತ ಅಮ್ಮ ಇನ್ನೂ ಕೇಳಿಲ್ಲ. ಕೇಳ್ತಾರೆ, ತಡೀರಿ.

ಫೋನಿನ ಕಾರ್ಡಿಗೆ ಏನು ಕೆಲಸ? ಹಬ್ಬಕ್ಕೆ ನಾಲ್ಕು ಫೋಟೋ, ಮದುವೇಲಿ ಒಂದು ವಿಡಿಯೋ. ಕ್ಯಾಮೆರಾ ಕಾರ್ಡಿಗೆ ಭಾನುವಾರವೂ ಇಲ್ಲ, ಹಬ್ಬವೂ ಇಲ್ಲ. ಸೆಕೆಂಡಿಗೆ 2 ಮೆಗಾಬಿಟ್ ಲೆಕ್ಕದಲ್ಲಿ ಸುಮ್ನೆ ಬರೀತಾ ಹೋದ್ರೂ ದಿನಕ್ಕೆ ಸುಮಾರು 21 ಜಿಬಿ ಆಗುತ್ತೆ. 32 ಜಿಬಿ ಕಾರ್ಡ್ ಒಂದೂವರೆ ದಿನಕ್ಕೆ ಭರ್ತಿ. ಆಮೇಲೆ ಹಳೇದನ್ನ ಅಳಿಸು, ಅದರ ಮೇಲೇ ಬರಿ. ವರ್ಷಕ್ಕೆ ಇಡೀ ಕಾರ್ಡನ್ನ 240ಕ್ಕೂ ಹೆಚ್ಚು ಸಲ ಅಳಿಸಿ ಬರೆದಂಗಾಯ್ತು.

ಒಳಗಿರೋ ಫ್ಲ್ಯಾಶ್ ಮೆಮೊರಿಯ ಪ್ರತಿ ಕೋಶಕ್ಕೂ ಇಷ್ಟು ಸಲ ಅಂತ ಆಯಸ್ಸಿದೆ. ಒಂದೊಂದು ಸಲ ಅಳಿಸಿ ಬರೆದಾಗಲೂ ಚಾರ್ಜ್ ಹಿಡಿದಿಡೋ ಆ ತೆಳ್ಳನೆ ಪದರ ಚೂರು ಚೂರೇ ಸವೆಯುತ್ತೆ. ಕ್ಯಾಮೆರಾ ತುಂಡು ತುಂಡಾಗಿ ಬರೆಯೋದರಿಂದ ನಾನು ಮೇಲೆ ಹೇಳಿದ ಲೆಕ್ಕಕ್ಕಿಂತ ಸವೆತ ಜಾಸ್ತಿಯೇ. ಅದರ ಮೇಲೆ ಏಪ್ರಿಲ್ ಬಿಸಿಲಲ್ಲಿ ಗೋಡೆ ಮೇಲೆ ಬೇಯೋದು ಬೇರೆ.

ಕಾರ್ಡ್ ಸಾಯೋ ರೀತಿಯೂ ವಿಚಿತ್ರ. ಎಷ್ಟೋ ಕಾರ್ಡುಗಳು ಕೊನೆಗಾಲದಲ್ಲಿ ‘ಓದಿ, ಬರೀಬೇಡಿ’ ಅನ್ನೋ ಸ್ಥಿತಿಗೆ ಹೋಗಿ ಬೀಗ ಹಾಕ್ಕೊಂಡ್ಬಿಡ್ತವೆ. ನೀವು ಫಾರ್ಮ್ಯಾಟ್ ಒತ್ತುತ್ತೀರಿ, ‘ಸಕ್ಸಸ್’ ಅಂತಲೂ ಬರುತ್ತೆ. ತೆಗೆದು ನೋಡಿದ್ರೆ ಯುಗಾದಿ ರೆಕಾರ್ಡಿಂಗ್ ಅಲ್ಲೇ ಕೂತಿರುತ್ತೆ. ಹಳೇದೆಲ್ಲ ಚೆನ್ನಾಗಿ ನೆನಪಿದೆ, ಹೊಸದೇನೂ ತಲೆಗೆ ಹತ್ತಲ್ಲ ಅನ್ನೋ ನಮ್ಮನೆ ಹಿರಿಯರ ಥರ. ಅಂಥ ಕಾರ್ಡಿಗೆ ಮದ್ದಿಲ್ಲ. ಕಳಿಸಿಕೊಡಿ.

ಆದ್ರೆ ಕಾರ್ಡ್ ಬಿಸಾಕೋಕೆ ಮುಂಚೆ ಒಂದು ನಿಮಿಷ. ಆಪ್‌ನ ಸೆಟ್ಟಿಂಗ್ಸಿಗೆ ಹೋಗಿ ಸ್ಟೋರೇಜ್ ಅಂತ ಇರೋದನ್ನ ಒತ್ತಿ ನೋಡಿದ್ರಾ? ಕಾರ್ಡ್ ‘ನಾರ್ಮಲ್’ ಅಂತಿದ್ರೂ ರೆಕಾರ್ಡಿಂಗ್ ಶೆಡ್ಯೂಲೇ ಆಫ್ ಆಗಿರಬಹುದು. ಅಥವಾ ಹಳೇದರ ಮೇಲೆ ಬರೆಯೋ ‘ಲೂಪ್’ ಆಯ್ಕೆ ಬಂದ್ ಆಗಿರಬಹುದು. ಆಗ ಕಾರ್ಡ್ ತುಂಬಿದ ದಿನವೇ ಕ್ಯಾಮೆರಾ ಕೈ ಕಟ್ಕೊಂಡು ಕೂತ್ಬಿಡುತ್ತೆ. (ಪುಟ್ಟಿ ಆಟಕ್ಕೆ ಮೊಬೈಲ್ ತಗೊಂಡಾಗ ಏನೇನು ಒತ್ತಿದ್ಲೋ. ನೀವಂತೂ ಒತ್ತಿಲ್ಲ ಬಿಡಿ.)

ಅದೆಲ್ಲ ಸರಿಯಿದ್ರೆ ಸ್ಟೂಲ್ ತನ್ನಿ. ಮೊದಲು ಪ್ಲಗ್ ತೆಗೀರಿ. ಕರೆಂಟ್ ಇರೋವಾಗಲೇ ಕಾರ್ಡ್ ಕಿತ್ರೆ, ಬರೆಯೋ ಮಧ್ಯೆ ಕೈ ಹಿಡಿದು ಎಳೆದಂಗೆ, ಫೈಲೆಲ್ಲ ಕಲಸಿ ಹೋಗುತ್ತೆ. ಕತ್ತು ತಿರುಗಿಸೋ ಒಳಾಂಗಣದ ಕ್ಯಾಮೆರಾ ಆದ್ರೆ ಎಷ್ಟೋ ಮಾಡೆಲ್‌ಗಳಲ್ಲಿ ಸ್ಲಾಟ್ ಲೆನ್ಸಿನ ಕೆಳಗೇ ಅಡಗಿರುತ್ತೆ. ಉಂಡೆಯನ್ನ ಮೆಲ್ಲಗೆ ಮೇಲಕ್ಕೆತ್ತಿದ್ರೆ ಕಾಣುತ್ತೆ, ಉಗುರಷ್ಟು ಸೀಳು.

ಈಗ ಹುಷಾರು. ಕಾರ್ಡ್ ಅಂದ್ರೆ 15 ಮಿಲಿಮೀಟರ್ ಉದ್ದ, 11 ಅಗಲ, 1 ದಪ್ಪ. ಒತ್ತಿದ್ರೆ ಸ್ಪ್ರಿಂಗ್ ಚಿಮ್ಮಿಸುತ್ತೆ, ಬೆರಳು ಜಾರಿದ್ರೆ ಹಾರಿ ಸೋಫಾ ಕೆಳಗೆ ಹೋಯ್ತು ಅಂತಲೇ ಲೆಕ್ಕ. ಕೆಳಗೊಂದು ಟವೆಲ್ ಹಾಸ್ಕೊಳ್ಳಿ. (ಸ್ಟೂಲ್ ಹಿಡ್ಕೊಂಡಿರೋ ಮನೆಯವರು ‘ಎಲೆಕ್ಟ್ರಿಷಿಯನ್ ಕರೀರಿ ಅಂದೆ’ ಅಂತಾರೆ. ಕೇಳಿಸ್ಕೋಬೇಡಿ.)

ಹಿಂಬದಿಯ ಬಂಗಾರದ ಬಣ್ಣದ ಪಟ್ಟಿಗಳನ್ನ ಒಣ ಬಟ್ಟೆಯಿಂದ ಮೆಲ್ಲಗೆ ಒರೆಸಿ. ಉಫ್ ಅಂತ ಊದೋದು ಬೇಡ, ನಿಮ್ಮ ಉಗುಳಿನ ತೇವ ಅದಕ್ಕೆ ಬೇಕಾಗಿಲ್ಲ. ಟಕ್ ಅನ್ನೋವರೆಗೂ ಒಳಗೆ ಒತ್ತಿ. ಹೊರಗಿನ ಕ್ಯಾಮೆರಾ ಆದ್ರೆ ಸ್ಕ್ರೂ ಬಿಚ್ಚಿದ ಮುಚ್ಚಳದ ರಬ್ಬರ್ ಪಟ್ಟಿಯನ್ನ ಮರೀದೆ ವಾಪಸ್ ಕೂರಿಸಿ. ಇಲ್ಲಾಂದ್ರೆ ಮಳೆಗಾಲಕ್ಕೆ ನೀರು, ಬೇಸಿಗೆಗೆ ಇರುವೆ ಬಾಡಿಗೆಗೆ ಬರ್ತವೆ.

ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತೆ. ಹೋಗ್ಲಿಲ್ವಾ? ಬೇಕಾದ ವಿಡಿಯೋ ಇದ್ರೆ ಮೊದಲು ಕಂಪ್ಯೂಟರಿಗೆ ತೆಗೆದಿಟ್ಕೊಂಡು, ಕ್ಯಾಮೆರಾದ ಆಪ್‌ನಿಂದಲೇ ಫಾರ್ಮ್ಯಾಟ್ ಮಾಡಿ. ಕಂಪ್ಯೂಟರಲ್ಲಿ ಮಾಡ್ಬೇಡಿ. 32 ಜಿಬಿಗಿಂತ ದೊಡ್ಡ ಕಾರ್ಡುಗಳು ಎಕ್ಸ್‌ಫ್ಯಾಟ್ ಅನ್ನೋ ಕಟ್ಟಿನಲ್ಲಿ ಬರ್ತವೆ, ಹಳೇ ಕ್ಯಾಮೆರಾ ಕೆಲವಕ್ಕೆ ಫ್ಯಾಟ್32 ಮಾತ್ರ ಅರ್ಥ ಆಗೋದು. ತನಗೆ ಬೇಕಾದ ಹಾಗೆ ಅದೇ ಮಾಡ್ಕೊಳ್ಳಲಿ. ಎಷ್ಟು ಜಿಬಿವರೆಗೆ ಹಿಡಿಸುತ್ತೆ ಅಂತ ಡಬ್ಬದ ಮೇಲೇ ಬರೆದಿರ್ತಾರೆ. (ಡಬ್ಬ ಅಟ್ಟದ ಮೇಲಿದೆ. ನೀವು ಯಾವ ಡಬ್ಬವನ್ನೂ ಬಿಸಾಕಿದವರಲ್ಲ.)

ಇನ್ನೊಂದು ತಮಾಷೆ ಕೇಳಿ. ಕರೆಂಟ್ ಹೋಗಿ ಬಂದು, ಇಂಟರ್‌ನೆಟ್ ಬರೋಕೆ ಮುಂಚೆ ಕ್ಯಾಮೆರಾ ಎದ್ದು ಕೂತ್ರೆ ಕೆಲವಕ್ಕೆ ಇವತ್ತು ಯಾವ ದಿನ ಅಂತಲೇ ತಿಳಿಯಲ್ಲ. ಯುನಿಕ್ಸ್ ಕಾಲಗಣನೆ ಶುರುವಾಗೋ 1970ರ ಜನವರಿ 1ಕ್ಕೆ, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ ಐದೂವರೆಗೆ, ಹೋಗಿ ನಿಲ್ಲುತ್ತೆ. ನಿಮ್ಮ ಹೆಲ್ಮೆಟ್ ಕಳ್ಳ ರೆಕಾರ್ಡ್ ಆಗಿರ್ತಾನೆ, ಆದ್ರೆ 1970ರಲ್ಲಿ. ಆಗ ನಿಮ್ಮ ಸೈಟು ರಾಗಿ ಹೊಲ! ‘ಖಾಲಿ’ ಅಂತ ಅಳೋಕೆ ಮುಂಚೆ ಆ ತಾರೀಖನ್ನೂ ಒಂದ್ಸಲ ತೆಗೆದು ನೋಡಿ.

ಹಗಲೆಲ್ಲ ಸರಿ, ರಾತ್ರಿ ಮಾತ್ರ ರೆಕಾರ್ಡಿಂಗ್ ತುಂಡು ತುಂಡು ಅಂತೀರಾ? ಕಾರ್ಡನ್ನ ಬೈಯಬೇಡಿ, ವೈರ್ ನೋಡಿ. ಕತ್ತಲಾದ ಮೇಲೆ ಇನ್‌ಫ್ರಾರೆಡ್ ಲೈಟುಗಳು ಹತ್ತಿ ಕ್ಯಾಮೆರಾ ಹೆಚ್ಚು ಕರೆಂಟ್ ಎಳೆಯುತ್ತೆ. ನೀವು ಹಾಲಿನ ಪ್ಲಗ್‌ನಿಂದ ಗೇಟಿನವರೆಗೆ ಎಳೆದ ಸಣಕಲು ಯುಎಸ್‌ಬಿ ವೈರಲ್ಲಿ ಅಷ್ಟು ವೋಲ್ಟೇಜ್ ತಲುಪಲ್ಲ. ಕ್ಯಾಮೆರಾ ಆಫ್ ಆಗಿ ಆನ್ ಆಗಿ, ಕಾರ್ಡಿನ ಪ್ರಾಣ ಹಿಂಡುತ್ತೆ. ಕಾರ್ಡ್ ಮೇಲೆ ಕಾರ್ಡ್ ಕೆಡ್ತಿದ್ರೆ ಒಳ್ಳೇ ಅಡಾಪ್ಟರ್, ದಪ್ಪ ವೈರ್ ಹಾಕಿಸಿ.

ಈಗ ಹೊಸ ಕಾರ್ಡ್ ವಿಷಯ. ‘1 ಟಿಬಿ, ಬರೀ 399 ರೂಪಾಯಿ’ ಅಂತ ಕಂಡಾಗ ನಿಮ್ಮ ಕಣ್ಣು ಅರಳಿದ್ದು ನನಗೆ ಗೊತ್ತು. ಅದರೊಳಗಿರೋದು 16 ಜಿಬಿಯೋ 32 ಜಿಬಿಯೋ. ಕಂಟ್ರೋಲರ್ ಚಿಪ್ಪಿಗೆ ಸುಳ್ಳು ಹೇಳೋದು ಕಲಿಸಿರ್ತಾರೆ. ನಿಜವಾದ ಜಾಗ ಮುಗಿದ ಮೇಲೂ ‘ಬರ್ಕೊಂಡೆ, ಬರ್ಕೊಂಡೆ’ ಅನ್ನುತ್ತೆ, ಬರೆದಿದ್ದೆಲ್ಲ ಗಾಳಿಗೆ.

ಅನುಮಾನ ಬಂದ್ರೆ ಎಚ್2ಟೆಸ್ಟ್‌ಡಬ್ಲ್ಯೂ ಅಂತ ಒಂದು ಪುಕ್ಕಟೆ ಸಾಫ್ಟ್‌ವೇರ್ ಇದೆ. ಕಾರ್ಡ್ ತುಂಬ ಬರೆದು, ವಾಪಸ್ ಓದಿ, ಬಣ್ಣ ಬಯಲು ಮಾಡುತ್ತೆ. (64 ಜಿಬಿ ಕಾರ್ಡ್ ಕಂಪ್ಯೂಟರಲ್ಲಿ 59 ಚಿಲ್ಲರೆ ತೋರಿಸಿದ್ರೆ ಮಾತ್ರ ಅಂಗಡಿಯವನ ಜತೆ ಜಗಳಕ್ಕೆ ಹೋಗ್ಬೇಡಿ. ಕಂಪೆನಿ ಸಾವಿರದ ಲೆಕ್ಕ, ಕಂಪ್ಯೂಟರ್ 1024ರ ಲೆಕ್ಕ. ಮೋಸ ಇಲ್ಲ.)

ತಗೊಳ್ಳೋದಾದ್ರೆ ‘ಎಂಡ್ಯೂರೆನ್ಸ್’ ಅಂತ ಬರೆದಿರೋದನ್ನೇ ತಗೊಳ್ಳಿ. ದಿನವಿಡೀ ಬರೆಯೋ ಕೆಲಸಕ್ಕೆ ಅಂತಲೇ ಮಾಡಿದ್ದು. ದೊಡ್ಡ ಬ್ರ್ಯಾಂಡ್‌ನವರೆಲ್ಲ ಮಾಡ್ತಾರೆ, ಬೆಲೆ ಸ್ವಲ್ಪ ಜಾಸ್ತಿ. ಮಾಮೂಲಿ ಕಾರ್ಡುಗಳಲ್ಲಿ ಹಲವಕ್ಕೆ ಸಿಸಿಟಿವಿಗೆ ಬಳಸಿದ್ರೆ ವಾರಂಟಿಯೇ ಇಲ್ಲ ಅಂತ ಸಣ್ಣಕ್ಷರದಲ್ಲಿ ಬರೆದಿರುತ್ತೆ. (ಸಣ್ಣಕ್ಷರ ಓದೋ ಜಾತಿ ನಾವಲ್ಲ, ಅದೂ ಅವರಿಗೆ ಗೊತ್ತು.) ‘ಕ್ಲಾಸ್ 10’ ಅನ್ನೋದು ಕಾರ್ಡಿನ ಓಟ ಹೇಳುತ್ತೆ, ಆಯಸ್ಸು ಹೇಳಲ್ಲ.

ದೊಡ್ಡ ಕಾರ್ಡ್ ಹಾಕಿದ್ರೆ ಲಾಭ ಎರಡು. 128 ಜಿಬಿಗೆ ಐದಾರು ದಿನ ಹಿಂದಕ್ಕೆ ನೋಡಬಹುದು, ಒಂದೇ ಜಾಗ ಪದೇ ಪದೇ ಸವೆಯೋದೂ ಕಮ್ಮಿ. ಜನ ಸೇರೋ ಅಂಗಡಿ-ಮಳಿಗೆಗಳು 30 ದಿನದ ರೆಕಾರ್ಡಿಂಗ್ ಇಟ್ಟಿರಬೇಕು ಅಂತ ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೇಳುತ್ತೆ. ಮನೆಗೆ ಆ ಕಟ್ಟು ಇಲ್ಲ. ಆದ್ರೂ ಊರಿಗೆ ಹೋಗಿ ಹದಿನೈದು ದಿನಕ್ಕೆ ವಾಪಸ್ ಬರೋರು ನೀವು, 32 ಜಿಬಿ ಹಾಕ್ಕೊಂಡು ಏನು ನೋಡ್ತೀರಿ?

ಅಕಸ್ಮಾತ್ ಕಳ್ಳ ನಿಜಕ್ಕೂ ಸಿಕ್ಕಿಬಿದ್ದ ಅಂತಿಟ್ಕೊಳ್ಳಿ. ನೀವು ಮೊದಲು ಮಾಡೋ ಕೆಲಸ? ಬಡಾವಣೆ ವಾಟ್ಸಾಪ್ ಗ್ರೂಪಿಗೆ ಕೆಂಪು ಬಾಣ ಹಾಕಿ, ಹಿಂದೆ ಕೆಜಿಎಫ್ ಮ್ಯೂಸಿಕ್ ಸೇರಿಸಿ ಬಿಡೋದು. ಬೇಡ ಮಾರಾಯ್ರೇ. ವಾಟ್ಸಾಪ್ ಅದನ್ನ ಹಿಂಡಿ ಮುಖವೇ ಮಸುಕು ಮಾಡುತ್ತೆ. ಕೋರ್ಟಿಗೆ ಹೋಗೋ ಮಾತಾದ್ರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಪ್ರಮಾಣಪತ್ರ ಬೇಕು. ಮೂಲ ಕಾರ್ಡ್ ತೆಗೆದು ಜೋಪಾನವಾಗಿಟ್ಟು, ಕ್ಯಾಮೆರಾಗೆ ಬೇರೆ ಕಾರ್ಡ್ ಹಾಕಿ. ಅದರಲ್ಲೇ ಬಿಟ್ರೆ ಮೂರನೇ ದಿನಕ್ಕೆ ಕಳ್ಳನ ಮೇಲೆ ಹಾಲಿನವನು ಬರೆದಾಗಿರ್ತಾನೆ.

ಇಷ್ಟೆಲ್ಲ ಓದಿ ‘ಭಾನುವಾರ ನೋಡೋಣ’ ಅಂದ್ರಿ ಅಲ್ವಾ? ಆ ಭಾನುವಾರ ಬರಲ್ಲ, ನಿಮ್ಮನ್ನ ನಾನು ಬಲ್ಲೆ. ಮೊಬೈಲ್ ಹೇಗೂ ಕೈಲೇ ಇದೆ. ಆಪ್ ತೆಗೀರಿ, ಲೈವ್ ನೋಡ್ಬೇಡಿ, ಸೀದಾ ಪ್ಲೇಬ್ಯಾಕಿಗೆ ಹೋಗಿ ನಿನ್ನೆ ಮಧ್ಯಾಹ್ನ ಮೂರು ಗಂಟೆಗೆ ನಿಲ್ಲಿಸಿ. ಗೇಟ್ ಕಂಡ್ರೆ ಕಾರ್ಡ್ ಬದುಕಿದೆ. ಕಾಣದಿದ್ರೆ ಅಂಗಡಿ ರಾತ್ರಿ ಎಂಟೂವರೆವರೆಗೂ ತೆಗೆದಿರುತ್ತೆ, ಈಗಲೇ ಹೊರಡಿ.