ಜೀರ್ಣನಾಯಕೋದ್ಧಾರ ಮೀಮಾಂಸೆ

ಮೊಣಕಾಲಿಗೆ ಪಟ್ಟಿ ಬಂದ ಮಾಜಿ ಹಾಕಿ ನಾಯಕನನ್ನು ತಂಡ ಮರಳಿ ಕರೆಸಬಹುದೇ ಎಂಬುದು ಈ ಶಾಸ್ತ್ರದ ವಿಷಯ. ರಾಯಚೂರು, ದೇವದುರ್ಗ, ಮಾನ್ವಿಯ ಚಹಾದಂಗಡಿಗಳಲ್ಲಿ ಕುಳಿತವರೇ ಅಧಿಕಾರಿಗಳು. ಮಳೆ ಬರುವವರೆಗೆ ಹೊತ್ತು ಹೋಗುವುದೇ ಪ್ರಯೋಜನ.

ರಾಯಚೂರು ಪಂಥದವರು ಶಿಲಾಪ್ರಮಾಣವಿಲ್ಲದೆ ಬಾಯಿ ತೆರೆಯುವುದಿಲ್ಲ. ಕೋಟೆಗೋಡೆಯಲ್ಲಿ ನಲವತ್ತು ಅಡಿ ಮೀರಿದ ಒಂದು ಕಲ್ಲಿದೆ. ಅದರ ಮೇಲೆ 1294ರ ಶಾಸನ. ಪಕ್ಕದಲ್ಲಿ ಆ ಕಲ್ಲನ್ನೇ ಬಂಡಿಗೆ ಹೇರಿ, ಕೋಣಗಳ ಸಾಲು ಕಟ್ಟಿ ಎಳೆದು ತಂದ ಚಿತ್ರವನ್ನೂ ಕೊರೆದಿದ್ದಾರೆ. ಭಾರವಾದದ್ದನ್ನು ಮುಂಚೂಣಿಗೆ ಎಳೆತಂದದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಆಕ್ಷೇಪ: ತಂದಿಟ್ಟ ಮೇಲೆ ಕಲ್ಲು ಗೇಣೂ ಕದಲಲಿಲ್ಲ. ಸಮಾಧಾನ: ಹೌದು, ಆದ್ದರಿಂದ ಫುಲ್‌ಬ್ಯಾಕ್ ಆಡಿಸಿ.

ಮಾನ್ವಿಯವರಿಗೆ ತರ್ಕವೇ ಮೇಲು. ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ; ಎಲ್ಲೆಲ್ಲಿ ನೋವಿನ ಮುಲಾಮಿನ ವಾಸನೆಯೋ ಅಲ್ಲಲ್ಲಿ ಮಾಜಿ ನಾಯಕ. ಈ ವ್ಯಾಪ್ತಿಗೆ ಒಬ್ಬರು ಭಂಗ ತಂದರು: "ವಾಸ್ನಿ ನಮ್ಮ ಕೋಚ್‌ದೂ ಬರ್ತದಲ್ರೀ!" ಅಂದಿನ ಸಭೆ ಅಲ್ಲಿಗೆ ಮುಗಿಯಿತು.

ಇನ್ನು ಪೂರ್ವಪಕ್ಷ. 1565ರಲ್ಲಿ ಇದೇ ಕೃಷ್ಣೆಯ ದಂಡೆಯ ಸೀಮೆಯಲ್ಲಿ, ಎಪ್ಪತ್ತು ದಾಟಿದ ಅಳಿಯ ರಾಮರಾಯ ವಿಜಯನಗರದ ಸೇನೆಯನ್ನು ತಾನೇ ನಡೆಸಿದ. ಕುದುರೆ ಏರಿ ಎಂದವರ ಮಾತು ಕೇಳದೆ ಪಲ್ಲಕ್ಕಿಯಲ್ಲೇ ಕುಳಿತ ಎನ್ನುತ್ತಾರೆ ಚರಿತ್ರೆಕಾರರು. ಸೆರೆಸಿಕ್ಕ, ತಲೆ ಹೋಯಿತು, ಹಿಂದೆಯೇ ರಾಜಧಾನಿಯೂ ಹೋಯಿತು. ವೃದ್ಧನಾಯಕ ನಿಷೇಧವಾದಿಗಳಿಗೆ ಇದು ಬ್ರಹ್ಮಾಸ್ತ್ರ.

ಅದಕ್ಕೆ ಪ್ರತ್ಯಸ್ತ್ರ ಧ್ಯಾನಚಂದ್. 1947ರಲ್ಲಿ ಪೂರ್ವ ಆಫ್ರಿಕಾದಿಂದ ಆಹ್ವಾನ ಬಂತು, ಷರತ್ತಿನೊಂದಿಗೆ: ಧ್ಯಾನಚಂದ್ ಇರಲೇಬೇಕು. ಆಗ ಅವರಿಗೆ 42. ನಾಯಕನಾಗಿಯೇ ಹೋದರು, 22 ಪಂದ್ಯಗಳಲ್ಲಿ 61 ಗೋಲು ಹೊಡೆದು ಬಂದರು. ಆದರೆ ಸೂಕ್ಷ್ಮ ಗಮನಿಸಿ: ಆಫ್ರಿಕಾದವರು ಕೇಳಿದ್ದು ಆ ಹೆಸರನ್ನು; ಕಾಲು ಅದರ ಜೊತೆಗೆ ಬಂತು. ನಮ್ಮ ಟೂರ್ನಮೆಂಟ್ ಕಮಿಟಿಗಳೂ ಹೆಸರನ್ನೇ ಕೇಳುವುದು, ಕರಪತ್ರದಲ್ಲಿ ಫೋಟೋ ಹಾಕಬೇಕಲ್ಲ! ಎಲ್ಲರ ಹೆಸರಿನ ಹಿಂದೆಯೂ ಅಂಥ ಕಾಲು ಬರುವುದಿಲ್ಲ ಎಂಬುದೇ ತೊಡಕು.

ಸರ್ದಾರ್ ಸಿಂಗ್ ಪ್ರಕರಣ ಇನ್ನೂ ಸ್ವಾರಸ್ಯ. 2018ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಮಾಜಿ ನಾಯಕನನ್ನು ಬಿಟ್ಟು ಹೋದರು; ತಂಡ ನಾಲ್ಕನೆಯದಾಯಿತು. ಹರೇಂದ್ರ ಸಿಂಗ್ ಕೋಚ್ ಆದ ಮೇಲೆ ಮರಳಿ ಕರೆ ಬಂತು. ಬ್ರೆಡಾದ ಚಾಂಪಿಯನ್ಸ್ ಟ್ರೋಫಿಯಲ್ಲಿ ಬೆಳ್ಳಿ, ಜಕಾರ್ತದ ಏಷ್ಯನ್ ಗೇಮ್ಸ್‌ನಲ್ಲಿ ಕಂಚು, ಆಮೇಲೆ 32ಕ್ಕೆ ನಿವೃತ್ತಿ. ಎರಡು ಕಡೆಯೂ ತೋಳಪಟ್ಟಿ ಶ್ರೀಜೇಶ್ ತೋಳಿನಲ್ಲಿತ್ತು. ನನ್ನ ಸಿದ್ಧಾಂತ ಇರುವುದು ಇಲ್ಲೇ: ಹಳಬ ಬರಲಿ, ಪಲ್ಲಕ್ಕಿ ಬೇಡ. ಆಟಗಾರನಾಗಿ ಬಂದವನು ಓಡುತ್ತಾನೆ, ಧ್ಯಾನಚಂದ್ ಅಂಥವರನ್ನು ಬಿಟ್ಟರೆ ನಾಯಕನಾಗಿಯೇ ಬಂದವನು ಕೈ ತೋರಿಸುತ್ತಾನೆ.

ಈಗಿನ ನಿಯಮವೂ ಅನುಕೂಲವೇ. ಹದಿನೈದು ನಿಮಿಷದ ನಾಲ್ಕು ಕ್ವಾರ್ಟರ್, ಎಷ್ಟು ಸಲ ಬೇಕಾದರೂ ಒಳಗೆ ಹೋಗಿ ಹೊರಗೆ ಬರಬಹುದು. ಮೇ ತಿಂಗಳ ರಾಯಚೂರಿನಲ್ಲಿ ಇಪ್ಪತ್ತರ ಹುಡುಗನೂ ಎರಡು ನಿಮಿಷಕ್ಕೆ ಹೊರಗೇ ನೋಡುತ್ತಾನೆ, ಅದು ಬೇರೆ ಮಾತು.

ಆದರೂ ಮೊಣಕಾಲು ಒಪ್ಪದಿದ್ದರೆ? ಪರಿಹಾರ ದೇವದುರ್ಗ ಪಂಥದ್ದು. ಈ ಸೀಮೆಯ ಮೊಸರಕಲ್ಲಿನ ಗೋಪಾಲದಾಸರು ಮಾನ್ವಿಯ ಜಗನ್ನಾಥದಾಸರಿಗೆ ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷ ದಾನ ಕೊಟ್ಟರೆಂದು ದಾಸಪರಂಪರೆ ಹೇಳುತ್ತದೆ. ಅದು ಮಹಾತ್ಮರ ಮಾತು, ನಮಗೆ ನಲವತ್ತು ಬೇಡ. ಹತ್ತು ಸಿಕ್ಕರೆ ಸೆಮಿಫೈನಲ್ ಮುಟ್ಟುತ್ತೇವೆ. ಬೆಂಚಿನ ಮೇಲೆ ಕೂತ ಒಬ್ಬ ದೇವದುರ್ಗದ ಹುಡುಗನನ್ನು ಕೇಳಿಯೂ ಆಯಿತು. "ಹತ್ತ್ಯಾಕ್ರಿ, ಹದಿನೈದು ತಗೋರಿ. ಮದ್ಲು ಹನ್ನೊಂದ್ರಾಗ ನನ್ನ ಹೆಸ್ರು ಬರೀರಿ" ಎಂದ. ಅವನ ಹೆಸರು ಬರೆದರೆ ನಾಯಕನಿಗೆ ಜಾಗವಿಲ್ಲ, ಬರೆಯದಿದ್ದರೆ ನಾಯಕನಿಗೆ ಆಯುಷ್ಯವಿಲ್ಲ. ಶಾಸ್ತ್ರದಲ್ಲಿ ಇದಕ್ಕೆ ಉಭಯತಃಪಾಶ ಎನ್ನುತ್ತಾರೆ. ಮಾನ್ವಿಯವರ ಅಭಿಪ್ರಾಯ ಕೇಳಿ ಕಳಿಸಿದ್ದೇವೆ, ಟೂರ್ನಮೆಂಟ್ ನಾಡಿದ್ದು.